ಅಂಗಡಿ ಹುಡುಗಿ ನನಗೊಬ್ಬನಿಗೇ ಹೇಳಿದ್ದಾಳೆ, ಈಗ ಏನು ಮಾಡಲಿ?

ಬಟ್ಟೆಅಂಗಡಿ_ಮ್ಯಾನೇಜರ್:
ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿ ನೋಡಿಕೊಳ್ಳುತ್ತೇನೆ, ಒಟ್ಟು 22 ಜನ ಕೆಲಸಕ್ಕಿದ್ದೇವೆ. ಶನಿವಾರ ಸೀರೆ ಸೆಕ್ಷನ್ ಹುಡುಗಿ ಊಟದ ಹೊತ್ತಲ್ಲಿ ಬಂದು "ಅಣ್ಣಾ, ಯಾರಿಗೂ ಹೇಳಬೇಡಿ" ಅಂತ ಅತ್ತಳು. ಸ್ಟಾಕ್ ನೋಡುವ ಹಿರಿಯರೊಬ್ಬರು ಬೇಕಂತಲೇ ಮೈ ತಾಗಿಸುತ್ತಾರಂತೆ, ರಾತ್ರಿ ವಾಟ್ಸಾಪಲ್ಲಿ ಏನೇನೋ ಕಳಿಸುತ್ತಾರಂತೆ. ನನಗೆ ಕೆಲಸ ಕಲಿಸಿದವರೇ ಅವರು. ಹುಡುಗಿಯ ಹೆಸರು ಹೇಳದೆ ಯಜಮಾನರ ಕಿವಿಗೆ ಹಾಕಿದೆ. "ಇಬ್ಬರನ್ನೂ ಕೂರಿಸಿ ಮಾತಾಡಿ ಮುಗಿಸಪ್ಪ, ಇಲ್ಲಾಂದ್ರೆ ಆ ಹುಡುಗಿನ ಗೋಡೌನಿಗೆ ಹಾಕು" ಅಂದರು. ಕೂರಿಸಲಾ?

ಹಳೇ_ಎಚ್‌ಆರ್:
ಕೂರಿಸಬೇಡಿ ಸಾರ್. ಹರಿಹರದ ಕಡೆ ಒಂದು ಫ್ಯಾಕ್ಟರಿಯಲ್ಲಿದ್ದಾಗ ನಾನು ಇದನ್ನೇ ಮಾಡಿ ಕೆಟ್ಟೆ. ಚಹಾ ತರಿಸಿ ಎದುರುಬದುರು ಕೂರಿಸಿದೆ, ಅವನು "ತಂಗಿ ಥರ ನೋಡ್ತೀನಿ ಸಾರ್" ಅಂದ, ಆಕೆ ತಲೆ ಬಗ್ಗಿಸಿ ಕೂತಳು, ನಾನು ಮುಗೀತು ಅಂದುಕೊಂಡೆ. ಸೋಮವಾರದಿಂದ ಆಕೆ ಬರಲೇ ಇಲ್ಲ.

ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಇದ್ದ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ಕನಿಷ್ಠ ಅರ್ಧ ಹೆಂಗಸರು, ಹೊರಗಿನವರೊಬ್ಬರು. ಸಮಿತಿ ಮಾಡದಿದ್ದರೆ ಯಜಮಾನರಿಗೆ 50,000 ರೂಪಾಯಿವರೆಗೆ ದಂಡ, ಇದನ್ನು ಮೊದಲು ಅವರಿಗೆ ಹೇಳಿ. (ದುಡ್ಡಿನ ಮಾತು ಬೇಗ ಕೇಳಿಸುತ್ತೆ.) ದೂರು ಕೊಡುವುದು ಬಿಡುವುದು ಆ ಹುಡುಗಿಗೆ ಬಿಟ್ಟಿದ್ದು. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಬರೆದು ಕೊಡಬೇಕು, ಕಾರಣ ಸರಿ ಇದ್ದರೆ ಇನ್ನೂ 3 ತಿಂಗಳು ಸಮಿತಿ ಕೊಡಬಹುದು. ಮೆಸೇಜ್ ಡಿಲೀಟ್ ಮಾಡಬೇಡ ಅಂತ ಇವತ್ತೇ ಹೇಳಿ. ಇನ್ನೊಂದು, ಅವಳನ್ನು ಕೇಳದೆ ಯಜಮಾನರಿಗೆ ಹೇಳಿದ್ದು ತಪ್ಪೇ. 22 ಜನರಲ್ಲಿ ಹೆಸರು ಹೇಳದಿದ್ದರೂ ಯಾರಂತ ಗೊತ್ತಾಗುತ್ತೆ.

ಸೀರೆಕೌಂಟರ್_ಅಕ್ಕ:
ಗೋಡೌನಿಗಾ? ಸ್ಟಾಕ್ ನೋಡುವವರು ದಿನಕ್ಕೆ ನಾಲ್ಕು ಸಲ ಹೋಗುವ ಜಾಗ ಅದೇ ಅಲ್ವಾ! ಕೌಂಟರ್ ಬಿಟ್ಟರೆ ಅವಳ ಕಮಿಷನ್ನೂ ಹೋಯಿತು. ದೂರು ಹೇಳಿದ್ದಕ್ಕೆ ಇದೇ ಶಿಕ್ಷೆ ಅಂತ ಉಳಿದ ಹುಡುಗಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಹಳೇ_ಎಚ್‌ಆರ್:
ಹೌದು ಅಕ್ಕ. ವಿಚಾರಣೆ ನಡೆಯುವಾಗ ಅವಳು ಬರೆದು ಕೇಳಿದರೆ ಜಾಗ ಬದಲಿಸಿ ಅಂತ ಸಮಿತಿಯೇ ಶಿಫಾರಸು ಮಾಡಬಹುದು. ಅವಳ ಬದಲು ಆ ಸ್ಟಾಕ್ ನೋಡುವವರನ್ನೇ ಬೇರೆ ಕಡೆ ಹಾಕಬಹುದು.

ನೇರ_ಮಾತು:
ಸುಳ್ಳಾಗಿದ್ದರೆ? ವರ್ಷಗಟ್ಟಲೆ ದುಡಿದವರ ಮಾನ ಹೋಗಲ್ವಾ? ಎಲ್ಲಾ ಹೊಸ ಫ್ಯಾಷನ್.

ಹಳೇ_ಎಚ್‌ಆರ್:
ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ನಿಯಮ ಹಾಕಿಕೊಟ್ಟ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದದ್ದು 1997ರ ಆಗಸ್ಟಲ್ಲಿ, ದಾವಣಗೆರೆ ಜಿಲ್ಲೆ ಆದದ್ದೂ ಅದೇ ತಿಂಗಳು. ಫ್ಯಾಷನ್ ನಮ್ಮ ಜಿಲ್ಲೆಯಷ್ಟೇ ಹಳೇದು. ಆರೋಪ ಹೊತ್ತವರಿಗೂ ದೂರಿನ ಪ್ರತಿ ಸಿಗುತ್ತದೆ, ಅವರ ಮಾತನ್ನೂ ಕೇಳುತ್ತಾರೆ, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಇಬ್ಬರ ಹೆಸರನ್ನೂ ಹೊರಗೆ ಬಿಡುವಂತಿಲ್ಲ. ಸಾಕ್ಷಿ ಸಾಲದ ಮಾತ್ರಕ್ಕೆ ದೂರು ಸುಳ್ಳು ಅಂತಲೂ ಆಗಲ್ಲ.

ಬಟ್ಟೆಅಂಗಡಿ_ಮ್ಯಾನೇಜರ್:
ಹುಡುಗಿಗೆ ಮೊದಲು ಕ್ಷಮೆ ಕೇಳಿದೆ. ಅವಳ ಅಕ್ಕನೂ ಜೊತೆಗಿದ್ದಳು, ಬರೆದು ಕೊಡುತ್ತೇನೆ ಅಂದಿದ್ದಾಳೆ. 50,000 ಅಂದ ಮೇಲೆ ಯಜಮಾನರೇ ಹೊರಗಿನ ಸದಸ್ಯರನ್ನು ಹುಡುಕು ಅಂತಿದ್ದಾರೆ. ನನಗೆ ಮಾತ್ರ ಕೆಲಸ ಕಲಿಸಿದ ಆ ಹಿರಿಯರ ಮುಖ ನೋಡುವುದೇ ಕಷ್ಟ ಆಗಿದೆ. ಬೆಳಿಗ್ಗೆ "ಬಾರೋ, ಬೆಣ್ಣೆ ದೋಸೆ ತಿನ್ನೋಣ" ಅಂತ ಎಂದಿನ ಹಾಗೇ ಕರೆದರು. ತಿಂದು ಬಂದಿದ್ದೀನಿ ಅಂದೆ.