ರೇವಾ ಕಾರು, ಚೇತನ್ ಮೈನಿ: ಪಾಠಕ್ಕೆ ಲೆಕ್ಕ ಸಮೇತ ವಿವರ ಬೇಕು

ವರ್ಕ್‌ಶಾಪ್_ಪಾಠ:
ಪಾಲಿಟೆಕ್ನಿಕ್ ಆಟೊಮೊಬೈಲ್ ವಿದ್ಯಾರ್ಥಿಗಳಿಗೆ ರೇವಾ ಎಲೆಕ್ಟ್ರಿಕ್ ಕಾರು ರೂಪಿಸಿದ ಚೇತನ್ ಮೈನಿ ಅವರ ಕೆಲಸದ ಬಗ್ಗೆ ಒಂದು ತರಗತಿ ತೆಗೆದುಕೊಳ್ಳಬೇಕಿದೆ. ‘ಭಾರತದ ಮೊದಲ ಎಲೆಕ್ಟ್ರಿಕ್ ಕಾರು’ ಎಂದು ಹೊಗಳಿ ಮುಗಿಸಲು ಮನಸ್ಸಿಲ್ಲ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ಲಂಡನ್‌ವರೆಗೂ ಹೋಯಿತು, ಆದರೂ ಒಟ್ಟು ಮಾರಾಟವಾದದ್ದು ಕೆಲವೇ ಸಾವಿರ. ತಾಂತ್ರಿಕವಾಗಿ ಅದರಲ್ಲಿ ಯಾವುದು ಗಟ್ಟಿ, ಯಾವುದು ಕೈಕೊಟ್ಟಿತು? ಬೋರ್ಡಿನ ಮೇಲೆ ಬಿಡಿಸಿ ತೋರಿಸುವಂಥ ವಿವರ ಇದ್ದರೆ ದಯವಿಟ್ಟು ತಿಳಿಸಿ.

ವೋಲ್ಟ್48:
ಸರ್, ಪಾಠವನ್ನು ಬ್ಯಾಟರಿಯಿಂದಲೇ ಶುರು ಮಾಡಿ. ಮೈನಿಯವರ ಮುಂದಿನ ಹೆಜ್ಜೆಗಳೆಲ್ಲ ಆಗ ಅರ್ಥವಾಗುತ್ತವೆ.

ಮೊದಲ ರೇವಾದಲ್ಲಿ 6 ವೋಲ್ಟಿನ ಎಂಟು ಲೆಡ್-ಆ್ಯಸಿಡ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಜೋಡಿಸಿದ್ದರು. 48 ವೋಲ್ಟ್, 200 ಆಂಪಿಯರ್-ಅವರ್, ಗುಣಿಸಿದರೆ 9.6 ಯೂನಿಟ್ (ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್). ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವ ಶಕ್ತಿಯೇ ಸುಮಾರು 9 ಯೂನಿಟ್. ಅಂದರೆ ಇಡೀ ಬ್ಯಾಟರಿ ಸಾಲು ಹೊತ್ತದ್ದು ಒಂದು ಲೀಟರ್ ಪೆಟ್ರೋಲಿನಷ್ಟು! ಅಷ್ಟರಲ್ಲೇ ಕಂಪನಿ ಹೇಳಿದ 80 ಕಿ.ಮೀ. ಓಡಬೇಕಾದರೆ ಕಿಲೋಮೀಟರಿಗೆ 120 ವ್ಯಾಟ್-ಅವರ್ ಮೀರುವಂತಿಲ್ಲ. 2.6 ಮೀಟರ್ ಉದ್ದ, 1.3 ಮೀಟರ್ ಅಗಲದ ಪುಟ್ಟ ಗಾತ್ರ, ಉಕ್ಕಿನ ಚೌಕಟ್ಟಿನ ಮೇಲೆ ಎಬಿಎಸ್ ಪ್ಲಾಸ್ಟಿಕ್ ಹೊದಿಕೆ, ಬ್ರೇಕ್ ಹಿಡಿದಾಗ ಶಕ್ತಿ ಮರಳಿ ಬ್ಯಾಟರಿಗೆ ಹೋಗುವ ಏರ್ಪಾಡು, ಎಲ್ಲವೂ ಈ ಒಂದು ಸಂಖ್ಯೆಗೆ ಕಟ್ಟುಬಿದ್ದು ಬಂದವು. ಮಿತಿಯನ್ನು ಮೊದಲು ಒಪ್ಪಿಕೊಂಡು ಕಾರನ್ನು ಅದರ ಸುತ್ತ ಕಟ್ಟಿದ್ದನ್ನು ನಾನು ತುಂಬ ಗೌರವಿಸುತ್ತೇನೆ.

ಆದರೆ 80 ಕಿ.ಮೀ. ನಿತ್ಯ ಸಿಗುತ್ತಿರಲಿಲ್ಲ. ಮೋಟಾರು ತನ್ನ 13 ಕಿಲೋವ್ಯಾಟ್ ಪೂರ್ತಿ ಎಳೆದಾಗ 48 ವೋಲ್ಟಿನಲ್ಲಿ ಕರೆಂಟ್ 270 ಆಂಪಿಯರ್ ದಾಟುತ್ತದೆ. ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಜೋರಾಗಿ ಎಳೆದಷ್ಟೂ ಒಟ್ಟು ದಕ್ಕುವ ಆಂಪಿಯರ್-ಅವರ್ ಕಡಿಮೆಯಾಗುತ್ತದೆ. ಏರು ರಸ್ತೆ, ಪದೇ ಪದೇ ಸಿಗ್ನಲ್ ಇದ್ದ ಕಡೆ ದೂರ ಕುಗ್ಗುತ್ತಿದ್ದದ್ದು ಇದರಿಂದ.

ಹಳೇಮೀಟರ್:
ಒಂದು ತಿದ್ದುಪಡಿ. 1993ರಲ್ಲೇ ‘ಲವ್‌ಬರ್ಡ್’ ಎಂಬ ಎಲೆಕ್ಟ್ರಿಕ್ ಕಾರು ಭಾರತದಲ್ಲಿ ಬಂದಿತ್ತು, ಆದ್ದರಿಂದ ‘ಮೊದಲ’ ಎನ್ನಬೇಡಿ. ರೇವಾ ಕಂಪನಿ ಹುಟ್ಟಿದ್ದು 1994ರಲ್ಲಿ, ಬೆಂಗಳೂರಿನ ಮೈನಿ ಗ್ರೂಪ್ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿ ಜೊತೆಗೂಡಿ. ಅದಕ್ಕೂ ಮುಂಚೆ, 1990ರಲ್ಲಿ, ಚೇತನ್ ಅವರು ಮಿಷಿಗನ್ ವಿಶ್ವವಿದ್ಯಾಲಯದ ಸೋಲಾರ್ ಕಾರು ತಂಡದಲ್ಲಿದ್ದರು. ಆ ತಂಡದ ‘ಸನ್‌ರನ್ನರ್’ ಕಾರು ಅಮೆರಿಕದ ಸೋಲಾರ್ ಕಾರು ಸ್ಪರ್ಧೆ ಸನ್‌ರೇಸ್ ಗೆದ್ದು, ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಮೂರನೇ ಸ್ಥಾನ ಪಡೆಯಿತು. ಒಂದೊಂದು ವ್ಯಾಟ್ ಉಳಿಸುವ ಪಾಠ ಅಲ್ಲಿಯದು.

ವರ್ಕ್‌ಶಾಪ್_ಪಾಠ:
ಇಬ್ಬರಿಗೂ ಧನ್ಯವಾದ. ಬ್ಯಾಟರಿಗಳು ಬೇಗ ಹಾಳಾಗುತ್ತಿದ್ದವು ಅನ್ನುತ್ತಾರಲ್ಲ, ಅದಕ್ಕೆ ಕಾರಣ ಕಾರೋ, ಬಳಕೆಯೋ?

ಸೆಲ್_ನೋಟ:
ಎರಡೂ. ಎಂಟು ಬ್ಯಾಟರಿ ಎಂದರೆ 24 ಸೆಲ್, ಎಲ್ಲವೂ ಒಂದೇ ಸಾಲಿನಲ್ಲಿ. ಒಂದು ಸೆಲ್ ಸೊರಗಿದರೆ ಅದು ಮೊದಲು ಖಾಲಿಯಾಗಿ, ಉಳಿದವು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಹೋಗಿ, ಅದರ ಪ್ಲಸ್-ಮೈನಸ್ ಉಲ್ಟಾ ಮಾಡಿ ಪೂರ್ತಿ ಕೊಲ್ಲುತ್ತವೆ. 48ರಲ್ಲಿ 2 ವೋಲ್ಟ್ ಇಳಿದರೆ ಒಟ್ಟು ಮೀಟರಿನಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ಒಂದೊಂದೇ ಸೆಲ್ ನೋಡಬೇಕು: ಪೂರ್ತಿ ಚಾರ್ಜ್ ಆದಾಗ 1.280ರ ಆಸುಪಾಸು ಇರಬೇಕು, ಒಂದು ಮಾತ್ರ 0.050ರಷ್ಟು ಹಿಂದೆ ಬಿದ್ದಿದ್ದರೆ ತೊಂದರೆ ಅಲ್ಲೇ ಇದೆ.

ನೀರಿನ ವಿಷಯ ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಕ್ಲೋರೈಡ್, ಕಬ್ಬಿಣ ಪ್ಲೇಟುಗಳನ್ನು ತಿನ್ನುತ್ತವೆ. ಚಾರ್ಜ್ ಮುಗಿದ ಮೇಲೆ ತುಂಬಬೇಕು, ಏಕೆಂದರೆ ಚಾರ್ಜ್ ಆಗುವಾಗ ಮಟ್ಟ ಏರಿ ಆ್ಯಸಿಡ್ ಹೊರಚೆಲ್ಲುತ್ತದೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಮೊದಲು ಅದು ಮುಳುಗುವಷ್ಟು ಹಾಕಿ. ಇಳಿದ ಬ್ಯಾಟರಿಯನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಬಿಡಿಸುವುದು ಕಷ್ಟ.

ಇದೆಲ್ಲ ಮಾಲೀಕರ ಕೈಯಲ್ಲಿದ್ದ ಕೆಲಸ, ಮತ್ತು ಮಾಡದವರೇ ಜಾಸ್ತಿ. ಅದಕ್ಕೇ ಬ್ಯಾಟರಿಯ ಮೇಲೆ ಕಣ್ಣಿಡುವ ರೇವಾದ ಎನರ್ಜಿ ಮ್ಯಾನೇಜ್‌ಮೆಂಟ್ ಕಂಪ್ಯೂಟರು ಆ ಕಾರಿನ ಅತಿ ಬೆಲೆಬಾಳುವ ಭಾಗ ಎನ್ನುತ್ತೇನೆ. 2009ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದ ‘ರಿವೈವ್’ ಇದರದೇ ಫಲ: ಚಾರ್ಜ್ ಮುಗಿದು ದಾರಿಯಲ್ಲಿ ನಿಂತವರು ಕಂಪನಿಗೆ ಫೋನ್ ಅಥವಾ ಎಸ್‌ಎಂಎಸ್ ಮಾಡಿದರೆ, ಅಲ್ಲಿಂದಲೇ ಬ್ಯಾಟರಿಯ ಸ್ಥಿತಿ ನೋಡಿ, ತೆಗೆದಿಟ್ಟ ಮೀಸಲು ಶಕ್ತಿಯನ್ನು ಬಿಡುಗಡೆ ಮಾಡುವುದು.

ವೋಲ್ಟ್48:
ಲಂಡನ್ ಭಾಗವನ್ನು ಮುಚ್ಚಿಡಬೇಡಿ. ಅಲ್ಲಿ ‘ಜಿ-ವಿಜ್’ ಹೆಸರಿನಲ್ಲಿ ಮಾರಾಟವಾದದ್ದು ಕ್ವಾಡ್ರಿಸೈಕಲ್ (ನಾಲ್ಕು ಚಕ್ರದ ಹಗುರ ವಾಹನ) ಎಂಬ ವರ್ಗದಡಿ. ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕಿರಲಿಲ್ಲ. 2007ರಲ್ಲಿ ಪರೀಕ್ಷಿಸಿದಾಗ ಫಲಿತಾಂಶ ಆತಂಕ ಹುಟ್ಟಿಸುವಂತಿತ್ತು. ಮುಂದಿನ ರೇವಾ-ಐ ಮಾದರಿಯಲ್ಲಿ ಚೌಕಟ್ಟು ಬಲಪಡಿಸಿ, ಮುಂದೆ ಡಿಸ್ಕ್ ಬ್ರೇಕ್ ಕೊಟ್ಟರು, ಎಸಿ ಮೋಟಾರಿಗೂ ಬಂದರು.

2010ರಲ್ಲಿ ಮಹೀಂದ್ರ ಕಂಪನಿಯು ಹೆಚ್ಚಿನ ಪಾಲು ಕೊಂಡಿತು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಕಾರು ಬಂತು. ಪಾಠದ ಕೊನೆಯ ಹತ್ತು ನಿಮಿಷವನ್ನು ಮೈನಿಯವರ ಮುಂದಿನ ಕಂಪನಿ ಸನ್ ಮೊಬಿಲಿಟಿಗೆ ಇಡಿ. 2017ರಲ್ಲಿ ಮೈನಿಯವರು ಕೈಹಾಕಿದ್ದು ಬ್ಯಾಟರಿ ಬದಲಾವಣೆಗೆ: ಗಾಡಿ ನಿಮ್ಮದು, ಬ್ಯಾಟರಿ ಕಂಪನಿಯದು, ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ತೆಗೆದುಕೊಂಡು ಹೋಗುವುದು. ನೀರು ಹಾಕುವ, ವಯಸ್ಸು ಲೆಕ್ಕ ಹಾಕುವ, ಹೊಸದಕ್ಕೆ ಒಮ್ಮೆಲೇ ದುಡ್ಡು ಸುರಿಯುವ ರೇವಾ ಮಾಲೀಕರ ಹೊರೆಯಷ್ಟೂ ಇಲ್ಲಿ ಕಂಪನಿಯ ತಲೆಗೆ. ಬ್ಯಾಟರಿಯಿಲ್ಲದೆ ಗಾಡಿ ಮಾರಿ ನೋಂದಾಯಿಸಲು ಕೇಂದ್ರ ಸರ್ಕಾರ 2020ರ ಆಗಸ್ಟ್‌ನಲ್ಲಿ ಅವಕಾಶ ಕೊಟ್ಟ ಮೇಲೆ ಈ ದಾರಿ ಇನ್ನಷ್ಟು ಸಲೀಸಾಯಿತು. ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಡಿ: ದಿನಕ್ಕೆ 100 ಕಿ.ಮೀ. ಓಡುವ ಆಟೊ, ಕಿಲೋಮೀಟರಿಗೆ 60 ವ್ಯಾಟ್-ಅವರ್ ಎಂದುಕೊಂಡರೆ, 2 ಯೂನಿಟ್ ಹಿಡಿಯುವ ಬ್ಯಾಟರಿಯನ್ನು ದಿನಕ್ಕೆ ಎಷ್ಟು ಸಲ ಬದಲಿಸಬೇಕು, ಸ್ಟೇಷನ್‌ಗಳ ನಡುವೆ ಹೆಚ್ಚೆಂದರೆ ಎಷ್ಟು ದೂರವಿರಬೇಕು?