ಮೇಪಲ್ ಮರದ ರಸಕ್ಕೆ ‘ಸೊನೆ’ ಅನ್ನಬಹುದೇ?

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್ ಅಂತ ಒಂದು ಬಯಲು ಮ್ಯೂಸಿಯಂ ಇದೆ. 1830ರ ದಶಕದ ಹಳ್ಳಿ ಬದುಕನ್ನು ಅಲ್ಲಿ ಮಾಡಿ ತೋರಿಸುತ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಮೇಪಲ್ ರಸ ಇಳಿಸಿ ಕಾಯಿಸುವ ಕೆಲಸವೂ ನಡೆಯುತ್ತದೆ. ಅದನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲು ‘ಸ್ಯಾಪ್’, ಅಂದರೆ ಮರದಿಂದ ಒಸರುವ ರಸ. ಇದಕ್ಕೆ ‘ಸೊನೆ’ ಅನ್ನೋಣವೆಂದರೆ ಒಂದು ಅನುಮಾನ. ಸೊನೆ ಅಂದರೆ ಮಾವಿನ ತೊಟ್ಟು ಮುರಿದಾಗ ಬರುವ, ತುಟಿಗೆ ತಾಗಿದರೆ ಸುಡುವ ಅಂಟು ತಾನೇ? ಮೇಪಲ್‌ನದು ಹಾಗಲ್ಲ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ತುಸು ಬೆಚ್ಚಗಿರುವ ದಿನಗಳಲ್ಲಿ ಕಾಂಡಕ್ಕೆ ತೂತು ಕೊರೆದರೆ ತಿಳಿನೀರಿನಂಥ ರಸ ತೊಟ್ಟಿಕ್ಕುತ್ತದೆ. ಅದರಲ್ಲಿ ಸಕ್ಕರೆ ನೂರಕ್ಕೆ ಸುಮಾರು 2 ಪಾಲು ಅಷ್ಟೇ. 40 ಲೀಟರ್ ಕಾಯಿಸಿದರೆ ಸಿಗುವುದು 1 ಲೀಟರ್ ಆಸುಪಾಸಿನ ಸಿರಪ್. ಇದಕ್ಕೆ ‘ಸೊನೆ’ ನನಗೆ ಒಗ್ಗುತ್ತಿಲ್ಲ. ಸುಮ್ನೆ ‘ಮರದ ರಸ’ ಅಂದರೆ ಸಾಕೇ? ಕಳ್ಳು ‘ಇಳಿಸುವ’ ಹಾಗೆ ಇದನ್ನೂ ‘ಇಳಿಸುವುದು’ ಅಂದಿದ್ದೇನೆ. ಕಳ್ಳಿಗೆ ಹೊಂಬಾಳೆ ಕೊಯ್ಯುತ್ತಾರೆ, ಇಲ್ಲಿ ಕಾಂಡವನ್ನೇ ಕೊರೆಯುತ್ತಾರೆ. ಆದರೂ ಕ್ರಿಯಾಪದ ಹೊಂದುತ್ತದೆ ಅನ್ನಿಸಿದೆ. ಕರಾವಳಿಯವರು ಹೇಳಬೇಕು.

ಆ ಕಾಲದ ರೈತರು ಸಿರಪ್‌ಗಿಂತ ಗಟ್ಟಿ ಸಕ್ಕರೆಯನ್ನೇ ಜಾಸ್ತಿ ಮಾಡುತ್ತಿದ್ದರು. ಕೆಡದೆ ವರ್ಷವಿಡೀ ಉಳಿಯುತ್ತಿತ್ತು. ಇಂಗ್ಲಿಷ್‌ನಲ್ಲಿ ಅದು ‘ಶುಗರ್’ ನಿಜ. ಆದರೆ ರಸವನ್ನು ಕಾಯಿಸಿ, ಗಟ್ಟಿ ಮಾಡಿ, ಕಂದು ಬಣ್ಣದಲ್ಲೇ ಅಚ್ಚಿಗೆ ಹೊಯ್ದದ್ದು ನಮಗೆ ಬೆಲ್ಲವೇ ಅಲ್ವಾ? ನಾನು ‘ಮೇಪಲ್ ಬೆಲ್ಲ’ ಅಂತಲೇ ಬರೆಯುವವನು. ಸಿರಪ್‌ಗೆ ಮಲೆನಾಡಿನ ‘ಜೋನಿಬೆಲ್ಲ’ ಇದೆ. ಕಾಯಿಸುವ ದೊಡ್ಡ ಕಬ್ಬಿಣದ ಪಾತ್ರೆಗೆ ‘ಕೊಪ್ಪರಿಗೆ’ ಸರಿಹೋಗುತ್ತದೆ.

ಮೇಪಲ್ ರಸ ಕಾಯಿಸುವ ಮನೆ ‘ಶುಗರ್‌ಹೌಸ್’. ಅದಕ್ಕೆ ‘ಆಲೆಮನೆ’ ಅನ್ನಲು ಮಾತ್ರ ಮನಸ್ಸು ಬರುತ್ತಿಲ್ಲ. ಆಲೆ ಅಂದರೆ ಕಬ್ಬು ಅರೆಯುವ ಗಾಣ. ಮೇಪಲ್‌ನಲ್ಲಿ ಅರೆಯುವ ಮಾತೇ ಇಲ್ಲ. ‘ಬೆಲ್ಲದ ಮನೆ’ ಹೇಗಿದೆ?

ಕೊನೆಯದು, ನನಗೆ ತುಂಬಾ ಬೇಕಾದದ್ದು. ಪಾಕ ಬಂತೇ ಎಂದು ನೋಡಲು ಅಲ್ಲಿ ಬಿಸಿ ಪಾಕವನ್ನು ಹಿಮದ ಮೇಲೆ ಸುರಿಯುತ್ತಿದ್ದರು. ಅದು ಮೇಣದಂತೆ ಜಗಿಯುವ ಹಾಗೆ ಆಗುತ್ತದೆ, ಮಕ್ಕಳಿಗೆ ಅದೇ ತಿಂಡಿ. ನಮ್ಮಲ್ಲಿ ಪಾಕವನ್ನು ತಣ್ಣೀರಿಗೆ ಬಿಟ್ಟು ನೋಡುತ್ತಾರೆ. ಉಂಡೆ ಕಟ್ಟುವ ಮೊದಲಿನ ಆ ಎಳೆಯುವ ಹದಕ್ಕೆ ಆಲೆಮನೆಯಲ್ಲಿ ಏನನ್ನುತ್ತಾರೆ? ಮಂಡ್ಯ, ಶಿರಸಿ, ಬೆಳಗಾವಿ ಕಡೆಯವರು ನಿಮ್ಮ ಊರಿನ ಮಾತು ತಿಳಿಸಿ.