ಡಾರ್ಸಿ ಹಾಗೆಲ್ಲ ಸಾರಿ ಕೇಳುವವನಲ್ಲ

ಭಾನುವಾರ ನಮ್ಮ ಮನೆಯವರ ಗುಂಪಿನಲ್ಲಿ ನಡೆದದ್ದನ್ನು ಇದ್ದ ಹಾಗೇ ಇಡುತ್ತಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಹೂಗಳನ್ನು ಮಾತ್ರ ತೆಗೆದಿದ್ದೇನೆ.

ಲತಾ ಚಿಕ್ಕಮ್ಮ: ಹೆತ್ತವರೇ ಎಚ್ಚರ!! ಅಭಿಮಾನಿಗಳು ಬರೆಯುವ ಫ್ಯಾನ್ ಫಿಕ್ಷನ್ ಪ್ರೇಮ ಕಾದಂಬರಿಗಳಲ್ಲಿ ಪಾತ್ರಗಳಿಗೆ ತಲೆಬುಡ ಇರುವುದಿಲ್ಲ. ಓದುವವರು ಏನು ಕೊಟ್ಟರೂ ಚಪ್ಪಾಳೆ ಹೊಡೆಯುತ್ತಾರೆ. ಬುದ್ಧಿ ಮಂಕಾಗುತ್ತದೆ ಎಂದು ವಿಜ್ಞಾನಿಗಳೇ ಹೇಳಿದ್ದಾರೆ. ತಪ್ಪದೆ ಎಲ್ಲರಿಗೂ ಕಳಿಸಿ.

ಲತಾ ಚಿಕ್ಕಮ್ಮ: ಯಾರನ್ನೂ ಉದ್ದೇಶಿಸಿ ಹಾಕಿದ್ದಲ್ಲ.

(ಅಂದರೆ ಮಗಳು ಅನುವನ್ನು ಉದ್ದೇಶಿಸಿ. ಅವಳ ರೂಮಿನಲ್ಲಿ ರಾತ್ರಿ ಎಷ್ಟು ಹೊತ್ತಿನವರೆಗೆ ಮೊಬೈಲ್ ಬೆಳಕು ಇರುತ್ತದೆ ಅನ್ನುವುದು ಇಡೀ ಗುಂಪಿಗೆ ಗೊತ್ತು.)

ರವಿ ಭಾವ: ಯಾವ ವಿಜ್ಞಾನಿ ಅತ್ತೆ? ಹೆಸರೇನು? ಎಲ್ಲಿ ಬಂದಿದೆ?

ಲತಾ ಚಿಕ್ಕಮ್ಮ: ನನಗೆ ಬಂದದ್ದನ್ನು ಕಳಿಸಿದೆ ಅಷ್ಟೇ ರವಿಯವರೇ. ಒಳ್ಳೆಯದಕ್ಕೇ ತಾನೇ.

ದೊಡ್ಡಪ್ಪ: ಸರಿಯಾಗಿ ಹೇಳಿದೆ ಲತಾ. ಬೇರೆಯವರು ಕಷ್ಟಪಟ್ಟು ಹುಟ್ಟಿಸಿದ ಪಾತ್ರಗಳನ್ನು ಎತ್ತಿಕೊಂಡು ಹೋಗಿ ತಮಗೆ ಬೇಕಾದವರ ಜೊತೆ ಮದುವೆ ಮಾಡಿಸುವುದು ಕಳ್ಳತನ. ಓದು ಮನುಷ್ಯನನ್ನು ಮೇಲೆತ್ತಬೇಕು.

ಚಿಕ್ಕಪ್ಪ: (ಹೆಬ್ಬೆರಳು)

(ಯಾರ ಮಾತಿಗೆ ಅಂತ ಇವತ್ತಿಗೂ ತಿಳಿದಿಲ್ಲ.)

ಅನು: ಏನು ಕೊಟ್ಟರೂ ಚಪ್ಪಾಳೆ ಅನ್ನುವುದು ಶುದ್ಧ ಸುಳ್ಳು ದೊಡ್ಡಪ್ಪ. ಜೇನ್ ಆಸ್ಟೆನ್‌ಳ ಡಾರ್ಸಿಯನ್ನೇ ತಗೊಳ್ಳಿ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಗರ್ವಿಷ್ಠ ನಾಯಕ. 1813ರ ಪುಸ್ತಕ. ಇವತ್ತಿಗೂ ಅವನ ಮೇಲೆ ಅಭಿಮಾನಿಗಳು ಕಾದಂಬರಿ ಬರೆಯುತ್ತಲೇ ಇದ್ದಾರೆ. ಮೂಲದಲ್ಲಿ ಅವನು ಮೊದಲ ಸಲ ಮದುವೆಯಾಗು ಅಂತ ನಾಯಕಿ ಎಲಿಜಬೆತ್‌ಳನ್ನು ಕೇಳುವಾಗಲೂ, ನಿಮ್ಮ ಮನೆತನ ನಮಗೆ ಸಮ ಅಲ್ಲ ಅಂತ ಚುಚ್ಚಿಯೇ ಕೇಳುತ್ತಾನೆ. ಅಂಥವನು ಅಭಿಮಾನಿಯೊಬ್ಬರ ಕಥೆಯಲ್ಲಿ ಎರಡನೇ ಅಧ್ಯಾಯದಲ್ಲೇ ಮಳೆಯಲ್ಲಿ ನೆನೆಯುತ್ತಾ ಒಂದೇ ಪುಟದಲ್ಲಿ ಮೂರು ಸಲ ಸಾರಿ ಕೇಳಿದರೆ ಓದುಗರು ಬಿಡುತ್ತಾರಾ? ನನ್ನ ಗೆಳತಿ ಅಂದಳು, ಇವನು ಯಾರೋ ಡಾರ್ಸಿಯ ಕೋಟು ಕದ್ದು ಹಾಕಿಕೊಂಡು ಬಂದಿದ್ದಾನೆ ಅಂತ. ಅವನನ್ನು ಈ ಕಾಲದ ವಕೀಲ ಮಾಡಿ, ಬೇಕರಿ ಮಾಲೀಕ ಮಾಡಿ, ಯಾರೂ ಕೇಳಲ್ಲ. ಆ ಗರ್ವ ಮುಟ್ಟಿದರೆ ಮಾತ್ರ ಜಗಳಕ್ಕೆ ಬರುತ್ತಾರೆ.

ರವಿ ಭಾವ: ನೀನೂ ಸುಮ್ನೆ ಹೇಳಬೇಡ. ಕಮೆಂಟುಗಳಲ್ಲಿ ಬರೀ ಹೊಗಳಿಕೆಯೇ ಇರುತ್ತದಲ್ಲ?

ಅನು: ಕಾಸಿಲ್ಲದೆ ಬರೆದವರನ್ನು ಎಲ್ಲರೆದುರು ಬೈಯಬಾರದು ಅಂತ ಒಂದು ಮರ್ಯಾದೆ ಇದೆ ಭಾವ. ಹಿಡಿಸದವರು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಬೈಗುಳ ಏನಿದ್ದರೂ ಗೆಳತಿಯರ ಗುಂಪಿನಲ್ಲಿ.

ದೊಡ್ಡಪ್ಪ: ಅಂಥ ಕಥೆಗಳಲ್ಲಿ ನಾಯಕಿಗೆ ಬಾರದ ವಿದ್ಯೆಯೇ ಇರುವುದಿಲ್ಲವಂತೆ.

ಅನು: ಅದನ್ನು ಮೊದಲು ಗೇಲಿ ಮಾಡಿದವರೇ ಅಭಿಮಾನಿಗಳು! 1973ರಲ್ಲೇ ಪೌಲಾ ಸ್ಮಿತ್ ಅನ್ನುವವರು ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶದ ಟಿವಿ ಧಾರಾವಾಹಿಯ ಅಭಿಮಾನಿ ಪತ್ರಿಕೆಯಲ್ಲಿ ಒಂದು ಪುಟ್ಟ ಅಣಕು ಕಥೆ ಬರೆದರು. ಅದರ ನಾಯಕಿ ಮೇರಿ ಸೂಗೆ ಹದಿನೈದೂವರೆ ವರ್ಷ, ಆಗಲೇ ಲೆಫ್ಟಿನೆಂಟ್. ಈಗಲೂ ಕುಂದೇ ಇಲ್ಲದ ನಾಯಕಿ ಬಂದರೆ ಓದುಗರು ಅದೇ ಹೆಸರಿಟ್ಟು ನಗುತ್ತಾರೆ. ಮದುವೆ ಆಗೇ ಆಗುತ್ತೆ ಅಂತ ಗೊತ್ತಿದ್ದೇ ಇವನ್ನು ಓದುವುದು ದೊಡ್ಡಪ್ಪ. ಹಾಗಾಗಿ ಪಾತ್ರ ಕೆಟ್ಟರೆ ಓದಲು ಬೇರೇನೂ ಉಳಿಯುವುದಿಲ್ಲ.

ದೊಡ್ಡಪ್ಪ: ಇದಕ್ಕೆಲ್ಲ ಯಾರಾದರೂ ಪ್ರಶಸ್ತಿ ಕೊಟ್ಟಿದ್ದಾರಾ?

ಅನು: ಕೊಟ್ಟಿದ್ದಾರೆ. 2019ರಲ್ಲಿ ಇಂಥ ಕಥೆಗಳ ದೊಡ್ಡ ಆನ್‌ಲೈನ್ ಭಂಡಾರ ಒಂದಕ್ಕೆ, ವಿಜ್ಞಾನ ಕಥೆಗಳ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು.

ದೊಡ್ಡಪ್ಪ: ಈಗಿನ ಕಾಲದಲ್ಲಿ ಪ್ರಶಸ್ತಿ ಯಾರಿಗೆ ಬೇಕಾದರೂ ಸಿಗುತ್ತದೆ.

ಸುಮಕ್ಕ: ಈಗ ನೋಡಿದೆ ಎಲ್ಲ. ನಾವು ವಾರಪತ್ರಿಕೆಯ ಧಾರಾವಾಹಿಗೆ ಕಾಯುತ್ತಿದ್ದದ್ದು ನೆನಪಾಯ್ತು. ಪುಟ ಕತ್ತರಿಸಿ, ದಾರ ಹಾಕಿ ಹೊಲಿದು ಬೈಂಡು ಮಾಡಿಟ್ಟಿದ್ದೆ. ಡಾಕ್ಟರ್ ಮತ್ತು ಟೀಚರ್ ಕಥೆ. ಚಿಕ್ಕಮ್ಮ ಓದಿ ಕೊಡ್ತೀನಿ ಅಂತ ಒಯ್ದವರು ವಾಪಸ್ ಕೊಡಲೇ ಇಲ್ಲ, ನಾನಿನ್ನೂ ಕೊನೇ ಕಂತುಗಳನ್ನು ಓದಿರಲಿಲ್ಲ!

ಲತಾ ಚಿಕ್ಕಮ್ಮ: ಅದನ್ನು ಈಗ ಯಾಕೆ ತೆಗೆದೆ ಸುಮಾ? ಕೊಟ್ಟಿದ್ದೇನೆ ನಾನು.

ಸುಮಕ್ಕ: ಎಲ್ಲಿ ಕೊಟ್ಟಿರಿ? ಕೊನೆ ಏನಾಯ್ತು ಅಂತ ತಿಳಿಯದೆ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಮುಂದಿನ ಕಥೆ ಬರೆದುಕೊಂಡೆ.

ಅನು: ಸುಮಕ್ಕಾ!!! ಹಾಗಾದರೆ ನೀನೂ ಫ್ಯಾನ್ ಫಿಕ್ಷನ್ ಬರೆದಿದ್ದೀಯ!

ದೊಡ್ಡಪ್ಪ: ನನ್ನ ಮಗಳು ಅಂಥದ್ದೆಲ್ಲ ಬರೆಯುವವಳಲ್ಲ.

ರವಿ ಭಾವ: ಬರೆದಿದ್ದಾಳೆ ಮಾವ. ಮದುವೆಯಾದ ಹೊಸದರಲ್ಲಿ ನನಗೂ ಓದಿ ಹೇಳಿದ್ದಳು.

(ಇಲ್ಲಿ ದೊಡ್ಡಪ್ಪ ‘ಟೈಪಿಂಗ್’ ಅಂತ ಬಹಳ ಹೊತ್ತು ತೋರಿಸಿದರು. ಏನೂ ಬರಲಿಲ್ಲ.)

ಲತಾ ಚಿಕ್ಕಮ್ಮ: ಬರೆದದ್ದೇನೋ ಸರಿ. ಆದರೆ ಆ ಡಾಕ್ಟರು ಅಷ್ಟು ಬೇಗ ಒಪ್ಪಿಕೊಳ್ಳಬಾರದಿತ್ತು. ಧಾರಾವಾಹಿಯಲ್ಲಿ ಅವನು ಅಮ್ಮನ ಮಾತು ಒಂದು ದಿನ ಮೀರಿದವನಲ್ಲ. ನೀನು ಬರೆದದ್ದರಲ್ಲಿ ಒಂದೇ ಕಾಗದ ಓದಿ ರೈಲು ಹತ್ತಿಬಿಡುತ್ತಾನೆ. ಅವನು ಹಾಗೆ ಮಾಡುವವನೇ ಅಲ್ಲ.

ಅನು: ಅಮ್ಮಾ.

ಸುಮಕ್ಕ: ಚಿಕ್ಕಮ್ಮ, ಆ ನೋಟ್‌ಬುಕ್ ನೀವು ಯಾವಾಗ ಓದಿದಿರಿ?

ಚಿಕ್ಕಪ್ಪ: (ಹೆಬ್ಬೆರಳು)

ಲತಾ ಚಿಕ್ಕಮ್ಮ: ನೋಡು, ಬೈಂಡು ನನ್ನ ಹತ್ತಿರ ಇಲ್ಲವೇ ಇಲ್ಲ. ನೋಟ್‌ಬುಕ್ ಮಾತ್ರ ಇದೆ.